‘ಚಾಚಾ, ಇವತ್ತ ಯಾರ ಕಡಿ ಅದೀರಿ?’: ಕಂಠೀರವದ ಒಂದು ಸಂಜೆ ಮತ್ತು ಎದುರಾಳಿಯ ಘನತೆ

2023ರ ಜೂನ್ 21ರ ಸಂಜೆ ವಾಡಿ ಜಂಕ್ಷನ್ನಿನ ಹೊರಗಿನ ಒಂದು ಚಹಾದಂಗಡಿಯಲ್ಲಿ ಐದಾರು ಹುಡುಗರು ಒಂದೇ ಮೊಬೈಲಿನ ಮೇಲೆ ಬಾಗಿ ಕೂತಿದ್ದರು. ನಮ್ಮ ಕಡೆ ಹಾಗೆ ಕೂರುವುದು ಕ್ರಿಕೆಟ್ಟಿಗೆ. ಅವತ್ತು ಮಾತ್ರ ಫುಟ್‌ಬಾಲ್. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಚಾಂಪಿಯನ್‌ಷಿಪ್‌ನ ಭಾರತ–ಪಾಕಿಸ್ತಾನ ಪಂದ್ಯ ನಡೆದಿತ್ತು. ಆ ಹುಡುಗರಲ್ಲಿ ಹೆಚ್ಚಿನವರಿಗೆ ಆಫ್‌ಸೈಡ್ ಅಂದರೆ ಏನೆಂದು ಗೊತ್ತಿರಲಿಲ್ಲ. ಪಾಕಿಸ್ತಾನ ಅಂದರೆ ಏನೆಂದು ಗೊತ್ತಿತ್ತು.

ಸುನಿಲ್ ಛೆಟ್ರಿ ಎರಡನೆಯ ಗೋಲು ಹೊಡೆದಾಗ ಒಬ್ಬ ಹುಡುಗ ಅಂಗಡಿಯ ಮುದುಕರ ಕಡೆ ತಿರುಗಿ, ನಗುತ್ತಲೇ ಕೇಳಿದ: “ಚಾಚಾ, ಇವತ್ತ ಯಾರ ಕಡಿ ಅದೀರಿ?”

ಉಳಿದವರು ನಕ್ಕರು. ಚಾಚಾ ಕೂಡ ನಕ್ಕರು. “ಚಾ ಆರಲತ್ತದ, ಮೊದಲ ಕುಡಿರಿ” ಎಂದು ಪಾತ್ರೆಯ ಕಡೆ ತಿರುಗಿದರು. ಆ ಹುಡುಗ ಕೆಟ್ಟವನಲ್ಲ, ಅವನನ್ನು ಚಾಚಾ ಚಿಕ್ಕಂದಿನಿಂದ ನೋಡಿದವರು. ನನ್ನ ಕೈಯಲ್ಲೂ ಗ್ಲಾಸಿತ್ತು. ನಾನೂ ಏನೂ ಅನ್ನಲಿಲ್ಲ.

ಆ ಪ್ರಶ್ನೆ ಇನ್ನೂ ನನ್ನ ತಲೆಯಲ್ಲಿದೆ. ಕ್ರೀಡಾ ಮನೋಭಾವ, ಸಂಯಮ, ಸಮಚಿತ್ತ ಎಂದೆಲ್ಲ ನಾವು ಶಾಲೆಯ ಕ್ರೀಡಾಕೂಟದ ಭಾಷಣಗಳಲ್ಲಿ ಕೇಳುತ್ತ ಬಂದಿದ್ದೇವೆ. ಅವು ಆಟಗಾರರಿಗೆ ಹೇಳುವ ಬುದ್ಧಿಮಾತುಗಳು ಎಂದುಕೊಂಡಿದ್ದೇವೆ. ಆದರೆ ದೇಶ–ದೇಶಗಳ ಫುಟ್‌ಬಾಲ್ ಹಣಾಹಣಿಯಲ್ಲಿ ಸಂಯಮದ ಪರೀಕ್ಷೆ ನಡೆಯುವುದು ಹುಲ್ಲಿನ ಮೇಲೆ ಮಾತ್ರವೇ? ಯಾರ ಉದ್ವೇಗವನ್ನು ನಾವು ಮೆಚ್ಚುತ್ತೇವೆ, ಯಾರ ಉದ್ವೇಗವನ್ನು ಅನುಮಾನಿಸುತ್ತೇವೆ? ಆ ಪಂದ್ಯಾವಳಿಯನ್ನು ಒಂದು ಪಠ್ಯದ ಹಾಗೆ ಓದಿ, ನಮ್ಮ ಸೀಮೆಯಲ್ಲೇ ಸಿಗುವ ಅಳತೆಗೋಲುಗಳನ್ನು ಹಿಡಿದು ಈ ಪ್ರಶ್ನೆಯನ್ನು ನೋಡುವ ಪ್ರಯತ್ನ ಇದು.

ಮೊದಲು ಪಂದ್ಯ. ಮಳೆ ಬಿದ್ದ ಮೈದಾನ, 20,000ಕ್ಕೂ ಹೆಚ್ಚು ಪ್ರೇಕ್ಷಕರು. ಭಾರತ 4–0ಯಿಂದ ಗೆದ್ದಿತು. ಛೆಟ್ರಿಯದು ಹ್ಯಾಟ್ರಿಕ್, ನಾಲ್ಕನೆಯದು ಉದಾಂತ ಸಿಂಗ್ ಹೊಡೆದದ್ದು. ಫಿಫಾ ಪಟ್ಟಿಯಲ್ಲಿ ಭಾರತ ಆಗ 100ರ ಆಸುಪಾಸಿನಲ್ಲಿತ್ತು, ಪಾಕಿಸ್ತಾನ 200ರ ಹತ್ತಿರದಲ್ಲಿತ್ತು. ವೀಸಾ ತಡವಾದ್ದರಿಂದ ಪಾಕಿಸ್ತಾನ ತಂಡ ಪಂದ್ಯದ ದಿನವೇ ಬೆಂಗಳೂರಿಗೆ ಬಂದಿಳಿದಿತ್ತು. ನಿದ್ದೆ ಕಡಿಮೆ, ಅಭ್ಯಾಸಕ್ಕೆ ಸಮಯವಿಲ್ಲ. ಗೆಲುವನ್ನು ಸಂಭ್ರಮಿಸುವಾಗ ಈ ಸಂಗತಿ ನಮ್ಮ ಚಹಾದಂಗಡಿಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ. ಗೆಲುವು ಸುಳ್ಳು ಎಂದು ಹೇಳಲು ಇದನ್ನು ನೆನೆಯುತ್ತಿಲ್ಲ. ಛೆಟ್ರಿಯ ಆಟಕ್ಕೆ ಯಾರ ರಿಯಾಯಿತಿಯೂ ಬೇಕಿರಲಿಲ್ಲ. ಎದುರಾಳಿ ಯಾವ ಸ್ಥಿತಿಯಲ್ಲಿ ನಿಂತಿದ್ದಾನೆ ಎಂದು ಗಮನಿಸುವುದೂ ಆಟ ನೋಡುವುದರ ಒಂದು ಭಾಗ, ಅಷ್ಟೆ.

ಆ ಪಂದ್ಯದಿಂದ ಜನರ ನೆನಪಿನಲ್ಲಿ ಉಳಿದದ್ದು ನಾಲ್ಕು ಗೋಲುಗಳಿಗಿಂತ ಹೆಚ್ಚಾಗಿ ಒಂದು ಜಟಾಪಟಿ. ಮೊದಲರ್ಧ ಮುಗಿಯಲು ಬಂದಿತ್ತು. ಪಾಕಿಸ್ತಾನದ ಅಬ್ದುಲ್ಲಾ ಇಕ್ಬಾಲ್ ಥ್ರೋ ಎಸೆಯಲು ಚೆಂಡು ಎತ್ತಿದಾಗ, ಗೆರೆಯ ಪಕ್ಕದಲ್ಲಿದ್ದ ಭಾರತದ ಕೋಚ್ ಇಗೊರ್ ಸ್ಟಿಮಾಚ್ ಹಿಂದಿನಿಂದ ಕೈ ಹಾಕಿ ಚೆಂಡನ್ನು ಬೀಳಿಸಿದರು. ರೆಫರಿಯ ನಿರ್ಣಯ ತಪ್ಪು ಎಂಬುದು ಅವರ ಸಿಟ್ಟು. ಎರಡೂ ಕಡೆಯವರು ನುಗ್ಗಿದರು, ತಳ್ಳಾಟವಾಯಿತು, ಸ್ಟಿಮಾಚ್‌ಗೆ ಕೆಂಪು ಕಾರ್ಡ್ ಬಂತು. ಆಗ ಭಾರತ 2–0ಯಿಂದ ಮುಂದಿತ್ತು.

ಮರುದಿನ ಸ್ಟಿಮಾಚ್ ಸಾಮಾಜಿಕ ಜಾಲತಾಣದಲ್ಲಿ ತಮ್ಮ ನಡೆಯನ್ನು ಸಮರ್ಥಿಸಿಕೊಂಡರು. ಫುಟ್‌ಬಾಲ್ ಎಂದರೆ ಆವೇಗ, ದೇಶದ ಬಣ್ಣಗಳನ್ನು ಕಾಯುವಾಗ ಅದು ಇನ್ನೂ ಹೆಚ್ಚು, ತಮ್ಮ ಹುಡುಗರಿಗಾಗಿ ಬೇಕಾದರೆ ಮತ್ತೆ ಹೀಗೆಯೇ ಮಾಡುತ್ತೇನೆ ಎಂಬುದು ಅವರ ಮಾತಿನ ಸಾರ. ಆ ಮಾತು ಬಹಳ ಜನಕ್ಕೆ ಇಷ್ಟವಾಯಿತು. ಆರು ದಿನದ ನಂತರ, ಜೂನ್ 27ರಂದು, ಕುವೈತ್ ವಿರುದ್ಧ ಅವರು ಮತ್ತೆ ಕೆಂಪು ಕಾರ್ಡ್ ಪಡೆದರು. ಆ ಪಂದ್ಯದ ಕೊನೆಗೆ ಮತ್ತೆ ತಳ್ಳಾಟವಾಗಿ ಭಾರತದ ರಹೀಮ್ ಅಲಿ ಮತ್ತು ಕುವೈತ್‌ನ ಒಬ್ಬ ಆಟಗಾರ ಹೊರಹೋದರು. ಗೆಲುವಿನ ಹೊಸ್ತಿಲಲ್ಲಿದ್ದ ಭಾರತ ಹೆಚ್ಚುವರಿ ನಿಮಿಷಗಳಲ್ಲಿ ಅನ್ವರ್ ಅಲಿಯ ಸ್ವಂತ ಗೋಲಿನಿಂದ 1–1ಕ್ಕೆ ಇಳಿಯಿತು. ಕೋಚ್‌ಗೆ ಎರಡು ಪಂದ್ಯಗಳ ನಿಷೇಧವಾಯಿತು. ಸೆಮಿಫೈನಲ್ಲಿಗೂ ಫೈನಲ್ಲಿಗೂ ಗೆರೆಯ ಪಕ್ಕ ನಿಂತವರು ಸಹಾಯಕ ಕೋಚ್ ಮಹೇಶ್ ಗಾವಳಿ.

ಹುಡುಗರನ್ನು ಕಾಯುತ್ತೇನೆ ಎಂದವರು ಅತಿ ಮುಖ್ಯವಾದ ಎರಡು ಸಂಜೆ ಹುಡುಗರ ಪಕ್ಕದಲ್ಲಿರಲಿಲ್ಲ. ಸಂಯಮ ಕಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ. ಆದರೆ ನೀತಿಪಾಠ ಇಲ್ಲಿಗೇ ಮುಗಿದರೆ ವಿಮರ್ಶೆಗೆ ಕೆಲಸವಿಲ್ಲ. ಆ ಎರಡೂ ಪಂದ್ಯಗಳನ್ನು ಭಾರತ ಪೆನಾಲ್ಟಿಯಲ್ಲಿ ಗೆದ್ದಿತು: ಲೆಬನಾನ್ ವಿರುದ್ಧ 4–2, ಜುಲೈ 4ರ ಫೈನಲ್‌ನಲ್ಲಿ ಕುವೈತ್ ವಿರುದ್ಧ 5–4. ಗುರ್‌ಪ್ರೀತ್ ಸಿಂಗ್ ಸಂಧು ಕೊನೆಯ ಹೊಡೆತ ತಡೆದಾಗ ಕಪ್ ಬಂತು. ಸಂಯಮ ತಪ್ಪಿದವರ ತಂಡವೂ ಗೆಲ್ಲುತ್ತದೆ. ಆದ್ದರಿಂದ ‘ಸಮಚಿತ್ತದಿಂದಿದ್ದರೆ ಗೆಲುವು’ ಎಂಬ ವಾದವನ್ನು ಬಿಟ್ಟು ಬೇರೆ ಕಾರಣ ಹುಡುಕಬೇಕು.

ಅಂತರರಾಷ್ಟ್ರೀಯ ಕ್ರೀಡೆಯ ಬಗ್ಗೆ ಬರೆಯುವವರೆಲ್ಲ ಜಾರ್ಜ್ ಆರ್ವೆಲ್ ಕಡೆಗೆ ಹೋಗುತ್ತಾರೆ. 1945ರಲ್ಲಿ ಮಾಸ್ಕೋದ ಡೈನಮೊ ತಂಡ ಬ್ರಿಟನ್ನಿಗೆ ಬಂದು ಆಡಿ ಹೋದ ಮೇಲೆ ಅವನು ‘ದಿ ಸ್ಪೋರ್ಟಿಂಗ್ ಸ್ಪಿರಿಟ್’ ಎಂಬ ಸಣ್ಣ ಪ್ರಬಂಧ ಬರೆದ. ಕ್ರೀಡೆ ದೇಶಗಳ ನಡುವೆ ಸ್ನೇಹ ಬೆಳೆಸುತ್ತದೆ ಎಂಬುದು ಭ್ರಮೆ, ಅದು ಹಗೆಯನ್ನೇ ಬೆಳೆಸುತ್ತದೆ ಎಂಬುದು ಅವನ ವಾದ. ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದಾಗ ಕಂಡ ಫುಟ್‌ಬಾಲ್ ಗಲಭೆಗಳನ್ನೂ ಅವನು ನೆನೆಯುತ್ತಾನೆ. ಆರ್ವೆಲ್ ಕಂಡದ್ದು ಸುಳ್ಳಲ್ಲ. ಆದರೆ ಅವನಿಗೆ ಪ್ರೇಕ್ಷಕರು ಒಂದು ಗುಂಪಾಗಿ ಮಾತ್ರ ಕಾಣುತ್ತಾರೆ. ಆ ಗುಂಪಿನೊಳಗೆ ಒಬ್ಬೊಬ್ಬರ ಪಾಲಿಗೆ ಪಂದ್ಯ ಬೇರೆ ಬೇರೆ ಎಂಬುದು ಅವನ ಲೆಕ್ಕದಲ್ಲಿಲ್ಲ. 1969ರಲ್ಲಿ ಎಲ್ ಸಾಲ್ವಡಾರ್ ಮತ್ತು ಹೊಂಡುರಾಸ್ ವಿಶ್ವಕಪ್ ಅರ್ಹತಾ ಪಂದ್ಯಗಳ ಬೆನ್ನಿಗೇ ಯುದ್ಧಕ್ಕೆ ಇಳಿದವು. ಅದಕ್ಕೆ ‘ಫುಟ್‌ಬಾಲ್ ಯುದ್ಧ’ ಎಂದೇ ಹೆಸರು ಬಿತ್ತು. ಅದರ ಬೇರು ಇದ್ದದ್ದು ಜಮೀನಿನಲ್ಲಿ ಮತ್ತು ವಲಸೆ ಬಂದ ರೈತರ ಬದುಕಿನಲ್ಲಿ. ಪಂದ್ಯ ಹಗೆಯನ್ನು ಹುಟ್ಟಿಸಲಿಲ್ಲ. ಮೊದಲೇ ಇದ್ದ ಹಗೆಗೆ ದಿನಾಂಕ ಮತ್ತು ಜಾಗ ಕೊಟ್ಟಿತು.

ನಮ್ಮ ಚಹಾದಂಗಡಿಯ ಪ್ರಶ್ನೆಯೂ ಹಾಗೆಯೇ. ಅದು ಛೆಟ್ರಿಯ ಗೋಲಿನಿಂದ ಹುಟ್ಟಿದ್ದಲ್ಲ. ಚಿತ್ತಾಪುರ, ಶಹಾಬಾದ್, ಸೇಡಂ, ಚಿಂಚೋಳಿಗಳೆಲ್ಲ ಹೈದರಾಬಾದ್ ಸಂಸ್ಥಾನದಲ್ಲಿದ್ದ ಊರುಗಳು. 1948ರ ಸೆಪ್ಟೆಂಬರ್‌ಗೆ ಮೊದಲಿನ ರಜಾಕಾರರ ಕಾಲವೂ, ಪೊಲೀಸ್ ಕಾರ್ಯಾಚರಣೆಯ ನಂತರದ ದಿನಗಳೂ ಇಲ್ಲಿಯ ಮನೆಮನೆಯ ನೆನಪಿನಲ್ಲಿವೆ. ಎರಡೂ ಕಡೆಯ ಅಜ್ಜ–ಅಜ್ಜಿಯರಿಗೆ ಹೇಳಲು ಒಂದೊಂದು ಕತೆ ಇದೆ. ಒಂದೇ ಫರಸಿ ಕಲ್ಲಿನ ಗಣಿಯಲ್ಲಿ, ಒಂದೇ ಸಿಮೆಂಟ್ ಕಾರ್ಖಾನೆಯಲ್ಲಿ, ಒಂದೇ ತೊಗರಿ ಹೊಲದಲ್ಲಿ ದುಡಿಯುವ ಜನ ಆ ಕತೆಗಳನ್ನು ದಿನವೂ ಎತ್ತುವುದಿಲ್ಲ. ಪಂದ್ಯದ ದಿನ ಮಾತ್ರ ಅವು ಹಾಸ್ಯದ ವೇಷದಲ್ಲಿ ಬರುತ್ತವೆ.

ಇದೇ ನೆಲದಲ್ಲಿ ಇನ್ನೊಂದು ಕಲ್ಲಿದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ತೀರದ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ದೇವಿಯ ಪೀಠಕ್ಕೆ ಬಳಸಿದ್ದ ಬಂಡೆಯ ಮೇಲೆ ಅಶೋಕನ ಶಾಸನಗಳಿದ್ದದ್ದು 1980ರ ದಶಕದಲ್ಲಿ ಬೆಳಕಿಗೆ ಬಂತು. ಅವುಗಳಲ್ಲಿ 12ನೆಯ ಶಾಸನದ ಭಾಗವೂ ಇದೆ. ಅದರ ವಿಷಯ ಪಂಥ–ಪಂಥಗಳ ನಡುವಿನ ನಡವಳಿಕೆ. ನಾಲಿಗೆಗೆ ಹಿಡಿತವಿರಬೇಕು, ಸಂದರ್ಭವಿಲ್ಲದೆ ತನ್ನದನ್ನು ಹೊಗಳಿ ಇನ್ನೊಬ್ಬರದನ್ನು ಹಳಿಯಬಾರದು, ಹಾಗೆ ಮಾಡುವವನು ತನ್ನ ಪಂಥಕ್ಕೇ ಹಾನಿ ಮಾಡುತ್ತಾನೆ ಎಂಬುದು ಅದರ ತಾತ್ಪರ್ಯ. ಸೇಡಂ ತಾಲ್ಲೂಕಿನ ಮಳಖೇಡಕ್ಕೆ, ಅಂದರೆ ರಾಷ್ಟ್ರಕೂಟರ ಮಾನ್ಯಖೇಟಕ್ಕೆ ಬಂದರೆ, 9ನೆಯ ಶತಮಾನದ ‘ಕವಿರಾಜಮಾರ್ಗ’ ಸಿಗುತ್ತದೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲುದೇ ನಿಜವಾದ ಸಂಪತ್ತು ಎಂಬ ಮಾತು ಅದರಲ್ಲಿದೆ ಎಂಬುದು ಕನ್ನಡ ಓದಿದವರಿಗೆಲ್ಲ ಗೊತ್ತು.

ಇವನ್ನು ಹೆಮ್ಮೆಯಿಂದ ಎತ್ತಿ ತೋರಿಸುವುದು ಸುಲಭ. ಭಾಷಣಗಳಲ್ಲಿ ಅದೇ ಆಗುತ್ತದೆ. ವಿಮರ್ಶಕ ಒಂದು ಪ್ರಶ್ನೆ ಕೇಳಲೇಬೇಕು: ಇವು ಯಾರ ಮಾತುಗಳು? ಒಂದು ಯುದ್ಧ ಗೆದ್ದು ಸಾಮ್ರಾಜ್ಯ ಕಟ್ಟಿದ ದೊರೆಯದು, ಇನ್ನೊಂದು ಬಲಿಷ್ಠ ರಾಜನ ಆಸ್ಥಾನದಿಂದ ಬಂದದ್ದು. ಗೆದ್ದವನಿಗೆ ಸೈರಣೆ ಕಷ್ಟವಲ್ಲ ಎನ್ನಬಹುದು. ನನಗೆ ಇದು ಅರ್ಧ ಮಾತ್ರ ಸರಿ ಎನಿಸುತ್ತದೆ. ಕೈಯಲ್ಲಿ ಬಲವಿರುವವನಿಗೆ ಸೈರಣೆಯ ಅಗತ್ಯ ಕಡಿಮೆ, ಅವನು ಸೈರಿಸದಿದ್ದರೂ ನಡೆಯುತ್ತದೆ. ಅದಕ್ಕಾಗಿಯೇ ಅವನಿಗೆ ಅದನ್ನು ಹೇಳಬೇಕಾಗುತ್ತದೆ. ಬಲವಿಲ್ಲದವನಿಗೆ ಸೈರಣೆಯನ್ನು ಕಲಿಸಬೇಕಾಗಿಲ್ಲ, ಬದುಕೇ ಕಲಿಸಿರುತ್ತದೆ. ಚಾಚಾ ಒಲೆಯ ಕಡೆ ತಿರುಗಿದ್ದು ಯಾವ ಶಾಸನ ಓದಿಯೂ ಅಲ್ಲ.

ಇನ್ನು ಸಂಯಮ ಮತ್ತು ಕ್ರೀಡಾ ಮನೋಭಾವ ಎಂಬ ಜೋಡಿಪದಗಳು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಅಭ್ಯಾಸ ನಮಗಿದೆ. ರನ್ನನ ‘ಗದಾಯುದ್ಧ’ ಓದಿದರೆ ಇವೆರಡೂ ಬೇರೆ ಬೇರೆ ಎಂದು ತಿಳಿಯುತ್ತದೆ. ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆದು ಬರುತ್ತಾನೆ. ದ್ರೋಣ, ದುಶ್ಶಾಸನ, ಮಗ ಲಕ್ಷಣಕುಮಾರ, ಕರ್ಣ ಎಲ್ಲರಿಗಾಗಿ ಅಳುತ್ತಾನೆ. ಅವನಲ್ಲಿ ಸಮಚಿತ್ತ ಎಂಬುದಿಲ್ಲ, ದುಃಖವೂ ಛಲವೂ ಉಕ್ಕುತ್ತಿವೆ. ಆದರೆ ಅಭಿಮನ್ಯುವಿನ ದೇಹದ ಮುಂದೆ ನಿಂತಾಗ, ಶತ್ರುವಿನ ಮಗ ಎಂಬುದನ್ನು ಮರೆತು ಅವನ ಪರಾಕ್ರಮಕ್ಕೆ ಕೈಮುಗಿಯುತ್ತಾನೆ. ಅಂಥ ಸಾವು ತನಗೂ ಒದಗಲಿ ಎಂದು ಹಾರೈಸುತ್ತಾನೆ. ಆ ಹುಡುಗನನ್ನು ಅನ್ಯಾಯವಾಗಿ ಸುತ್ತುವರಿದು ಕೊಂದದ್ದು ಅವನ ಪಕ್ಷವೇ ಎಂಬುದು ಆ ಮಾತನ್ನು ಇನ್ನಷ್ಟು ಭಾರವಾಗಿಸುತ್ತದೆ. ಇತ್ತ ಗದೆಯ ಕಾಳಗದಲ್ಲಿ ಭೀಮ ತೊಡೆಗೆ ಹೊಡೆಯುತ್ತಾನೆ. ಅದು ಗದಾಯುದ್ಧದ ನಿಯಮ ಮೀರಿದ ಹೊಡೆತ, ಕೃಷ್ಣನ ಲೆಕ್ಕಾಚಾರದ ಫಲ. ರನ್ನನ ಆಶ್ರಯದಾತ ಚಾಲುಕ್ಯ ಸತ್ಯಾಶ್ರಯ. ಕಾವ್ಯ ಅವನನ್ನು ಭೀಮನೊಂದಿಗೆ ಸಮೀಕರಿಸುತ್ತದೆ, ಕಾವ್ಯದ ಇನ್ನೊಂದು ಹೆಸರೇ ‘ಸಾಹಸಭೀಮವಿಜಯ’. ಹಾಗಿದ್ದೂ ಓದುಗರ ಮನಸ್ಸು ಶತಮಾನಗಳಿಂದ ಸೋತವನ ಕಡೆ ವಾಲುತ್ತ ಬಂದಿದೆ. ತನ್ನ ತಂಡ ಗೆಲ್ಲಬೇಕಾದಾಗಲೂ ಎದುರಾಳಿಯ ಎತ್ತರವನ್ನು ಕವಿ ಕಡಿಮೆ ಮಾಡಲಿಲ್ಲ.

ಈ ವ್ಯತ್ಯಾಸವನ್ನು ಇಂದಿನ ಫುಟ್‌ಬಾಲ್‌ನಲ್ಲೂ ನೋಡಬಹುದು. 2006ರ ವಿಶ್ವಕಪ್ ಫೈನಲ್‌ನಲ್ಲಿ ಜಿನೆದಿನ್ ಜಿದಾನ್ ಇಟಲಿಯ ಮಾತೆರಾಜಿಯ ಎದೆಗೆ ತಲೆಯಿಂದ ಗುದ್ದಿ ಕೆಂಪು ಕಾರ್ಡ್ ಪಡೆದದ್ದು ಸಂಯಮ ತಪ್ಪಿದ ಕ್ಷಣ. 2010ರಲ್ಲಿ ಘಾನಾ ವಿರುದ್ಧ ಕೊನೆಯ ನಿಮಿಷದಲ್ಲಿ ಗೋಲಿನೊಳಗೆ ಹೋಗುತ್ತಿದ್ದ ಚೆಂಡನ್ನು ಉರುಗ್ವೆಯ ಲೂಯಿಸ್ ಸ್ವಾರೆಜ್ ಕೈಯಿಂದ ತಡೆದದ್ದು ಬೇರೆ ಜಾತಿಯದು. ಸಿಟ್ಟಿನಿಂದ ಬಂದದ್ದಲ್ಲ ಅದು. ಕೆಂಪು ಕಾರ್ಡ್ ಬಂತು, ಪೆನಾಲ್ಟಿ ಸಿಕ್ಕಿತು, ಘಾನಾ ಅದನ್ನು ಹಾಳುಮಾಡಿಕೊಂಡಿತು, ಉರುಗ್ವೆ ಮುಂದೆ ಹೋಯಿತು. ಆ ಪಂದ್ಯ ಗೆದ್ದಿದ್ದರೆ ಘಾನಾ ಸೆಮಿಫೈನಲ್ ತಲುಪಿದ ಮೊದಲ ಆಫ್ರಿಕನ್ ತಂಡವಾಗುತ್ತಿತ್ತು. ಬಿಸಿಯಾದ ತಪ್ಪೂ ಇದೆ, ತಣ್ಣನೆಯ ತಪ್ಪೂ ಇದೆ. ಹಾಗೆಯೇ ಬಿಸಿಯಾದ ಔದಾರ್ಯವೂ ಇದೆ, ದುರ್ಯೋಧನನದು ಅದೇ. ಆದ್ದರಿಂದ ಉದ್ವೇಗವನ್ನು ಅದುಮಿದವನೇ ಕ್ರೀಡಾಳು ಎಂಬ ಸೂತ್ರ ನಿಲ್ಲುವುದಿಲ್ಲ. ಉದ್ವೇಗದ ನಡುವೆಯೂ ಎದುರಾಳಿ ಕಾಣಿಸುತ್ತಾನೆಯೇ ಎಂಬುದೇ ಪರೀಕ್ಷೆ. ಸ್ಟಿಮಾಚ್ ಸಿಟ್ಟಾದದ್ದು ದೊಡ್ಡ ದೋಷವಲ್ಲ. ಆ ಕ್ಷಣದಲ್ಲಿ ಅಬ್ದುಲ್ಲಾ ಇಕ್ಬಾಲ್ ಅವರಿಗೆ ಒಬ್ಬ ಆಟಗಾರನಾಗಿ ಕಾಣದೆ, ತಪ್ಪು ನಿರ್ಣಯವನ್ನು ಹಿಡಿದ ಎರಡು ಕೈಗಳಾಗಿ ಮಾತ್ರ ಕಂಡದ್ದು ದೋಷ.

ಹಾಗಾದರೆ ಎದುರಾಳಿ ಕಂಡ ಉದಾಹರಣೆ ಇದೆಯೇ? ಇದೆ, ಮತ್ತು ಅದರ ಎಳೆ ನಮ್ಮ ಹಳೆಯ ರಾಜಧಾನಿ ಹೈದರಾಬಾದಿಗೆ ಹೋಗುತ್ತದೆ. ಸೈಯದ್ ಅಬ್ದುಲ್ ರಹೀಮ್ ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಕಟ್ಟಿದವರು, ಆಮೇಲೆ ಭಾರತ ತಂಡದ ಕೋಚ್ ಆದವರು. 2024ರಲ್ಲಿ ಬಂದ ‘ಮೈದಾನ್’ ಹಿಂದಿ ಸಿನಿಮಾದಿಂದ ಅವರ ಹೆಸರು ಮತ್ತೆ ಕೇಳಿಬಂತು. 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟಕ್ಕೆ ಇಂಡೊನೇಷ್ಯಾ ಸರ್ಕಾರ ಇಸ್ರೇಲ್ ಮತ್ತು ತೈವಾನ್ ಕ್ರೀಡಾಪಟುಗಳನ್ನು ಬಿಟ್ಟುಕೊಳ್ಳಲಿಲ್ಲ. ಅದನ್ನು ಪ್ರಶ್ನಿಸಿದವರು ಭಾರತದ ಜಿ.ಡಿ. ಸೋಂಧಿ. ಅದರಿಂದ ಕೆರಳಿದ ಜನ ಭಾರತದ ತಂಡವನ್ನು ಎಲ್ಲೆಡೆ ಹೀಯಾಳಿಸಿದರು. ಅಂಥ ತುಂಬಿದ ಕ್ರೀಡಾಂಗಣದಲ್ಲಿ ಭಾರತ ದಕ್ಷಿಣ ಕೊರಿಯಾದ ವಿರುದ್ಧ ಫೈನಲ್ ಆಡಿತು. ತಲೆಗೆ ಗಾಯವಾಗಿದ್ದ ಜರ್ನೈಲ್ ಸಿಂಗ್ ಅವರನ್ನು ರಹೀಮ್ ರಕ್ಷಣೆಯಿಂದ ಮುಂದಕ್ಕೆ ತಂದು ಆಡಿಸಿದರು. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು. 2–1ರಿಂದ ಚಿನ್ನ. ಸುತ್ತಲೂ ಹೀಯಾಳಿಕೆ ಇದ್ದಾಗ ಭಾರತಕ್ಕಾಗಿ ಕೂಗಿದವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ಆ ತಂಡದವರು ಮುಂದೆ ನೆನಪಿಸಿಕೊಂಡಿದ್ದಾರೆ. ಅದೇ ಕೂಟದ ಹಾಕಿ ಫೈನಲ್‌ನಲ್ಲಿ ಪಾಕಿಸ್ತಾನ ಭಾರತವನ್ನು ಸೋಲಿಸಿತ್ತು.

ಈ ಪ್ರಸಂಗವನ್ನು ‘ಆಗ ಎಲ್ಲ ಚೆನ್ನಾಗಿತ್ತು’ ಎಂಬ ಹಳಹಳಿಕೆಗೆ ಬಳಸಬಾರದು. ಮೂರೇ ವರ್ಷದಲ್ಲಿ, 1965ರಲ್ಲಿ, ಎರಡೂ ದೇಶ ಯುದ್ಧ ಮಾಡಿದವು. ಆಟಗಾರರ ಕೂಗು ಯುದ್ಧವನ್ನು ತಡೆಯಲಿಲ್ಲ, ತಡೆಯಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಅದು ಸಾಧಿಸಿದ್ದು ಚಿಕ್ಕದು: ಕಡುವೈರಿ ಎನಿಸಿಕೊಂಡವನು ಒಂದು ಸಂಜೆ ನಮ್ಮ ಕಡೆ ಇರಬಲ್ಲ ಎಂಬ ಸಾಕ್ಷಿ. ‘ಯಾರ ಕಡಿ’ ಎಂಬ ಪ್ರಶ್ನೆಗೆ ಹುಟ್ಟಿನಿಂದಲೇ ಉತ್ತರ ಬರೆದಿರುವುದಿಲ್ಲ ಎಂಬುದನ್ನು ಅದು ತೋರಿಸಿತು.

ಮತ್ತೆ ಕಂಠೀರವಕ್ಕೆ ಬರೋಣ. ಫೈನಲ್ ಗೆದ್ದ ರಾತ್ರಿ ಜೀಕ್ಸನ್ ಸಿಂಗ್ ಏಳು ಬಣ್ಣದ ಮೈತೇಯಿ ಬಾವುಟವನ್ನು ಹೊದ್ದು ಪದಕಕ್ಕೆ ನಿಂತರು. ಆ ಮೇ ತಿಂಗಳಿಂದ ಅವರ ಮಣಿಪುರ ಹೊತ್ತಿ ಉರಿಯುತ್ತಿತ್ತು. ತಕ್ಷಣ ಆಕ್ಷೇಪಗಳು ಬಂದವು. ಯಾರ ಮನಸ್ಸನ್ನೂ ನೋಯಿಸುವ ಉದ್ದೇಶವಿರಲಿಲ್ಲ, ತಮ್ಮ ರಾಜ್ಯದ ಸ್ಥಿತಿಯ ಕಡೆ ಗಮನ ಸೆಳೆಯಬೇಕಿತ್ತು ಎಂದು ಅವರು ವಿವರಿಸಬೇಕಾಯಿತು. ಆ ಬಾವುಟ ಒಂದು ಸಮುದಾಯದ್ದು, ಆ ಸಂಘರ್ಷದಲ್ಲಿ ಇನ್ನೊಂದು ಸಮುದಾಯವೂ ಇತ್ತು. ಆದ್ದರಿಂದ ಆಕ್ಷೇಪಕ್ಕೂ ಕಾರಣವಿತ್ತು. ಆದರೆ ಅಕ್ಕಪಕ್ಕದಲ್ಲಿಟ್ಟು ನೋಡಿ. ಕೋಚ್ ಎದುರಾಳಿಯ ಕೈಯಿಂದ ಚೆಂಡು ಬೀಳಿಸಿದರೆ ಅದು ಆವೇಗ, ಅದಕ್ಕೆ ಚಪ್ಪಾಳೆ. ಆಟಗಾರ ತನ್ನೂರಿನ ಸಂಕಟವನ್ನು ಹೊದ್ದು ನಿಂತರೆ ಅದು ವಿವಾದ, ಅದಕ್ಕೆ ವಿವರಣೆ. ಚಹಾದಂಗಡಿಯ ಮುದುಕರು ಸುಮ್ಮನಿದ್ದರೆ ಅದು ಅನುಮಾನ, ಅದಕ್ಕೊಂದು ಪ್ರಶ್ನೆ. ಒಂದೇ ಪಂದ್ಯಾವಳಿ, ಉದ್ವೇಗಕ್ಕೆ ಮೂರು ಬೆಲೆ.

ಕ್ರೀಡಾ ಮನೋಭಾವದ ಬಗ್ಗೆ ನಮ್ಮಲ್ಲಿ ಬರುವ ಬರಹಗಳಲ್ಲಿ ನನಗೆ ಕಾಣುವ ಕೊರತೆ ಇದೇ. ಅವು ಆಟಗಾರನ ಹಸ್ತಲಾಘವದ ಬಗ್ಗೆ ಬರೆಯುತ್ತವೆ, ರೆಫರಿಯನ್ನು ಗೌರವಿಸಿ ಎನ್ನುತ್ತವೆ. ನೋಡುವವರಲ್ಲಿ ಯಾರಿಗೆ ಕೂಗುವ ಸ್ವಾತಂತ್ರ್ಯವಿದೆ, ಯಾರಿಗೆ ಅಳೆದು ತೂಗಿ ನಗಬೇಕಾದ ಅನಿವಾರ್ಯವಿದೆ ಎಂದು ಕೇಳುವುದಿಲ್ಲ. ಆ ಹುಡುಗನಿಗೆ 90 ನಿಮಿಷ ಸಂಯಮ ಬೇಕಿರಲಿಲ್ಲ, ಗೋಲಾದಾಗ ಬೆಂಚು ಕುಟ್ಟಿ ಕುಣಿದ. ಚಾಚಾಗೆ ಆ ಸಂಜೆಯಷ್ಟೇ ಅಲ್ಲ, ಬದುಕಿಡೀ ಅದು ಬೇಕು. ಭಾರತ ಗೆದ್ದಾಗ ಎಷ್ಟು ಖುಷಿಪಡಬೇಕು ಎಂಬುದನ್ನೂ ಅವರು ಲೆಕ್ಕ ಹಾಕಬೇಕು. ಕಡಿಮೆಯಾದರೆ ಅನುಮಾನ, ಹೆಚ್ಚಾದರೆ ನಾಟಕ. ನಾವು ‘ಸಮಚಿತ್ತ’ ಎಂದು ಹೊಗಳುವ ಗುಣ ಅವರಲ್ಲಿ ಅಪಾರವಾಗಿದೆ. ಅದನ್ನು ಅವರ ಮೇಲೆ ಹೇರಿದವರು ನಾವು.

ಹಾಗೆಂದು ಹುಡುಗರಿಗೆ ಕುಣಿಯಬೇಡಿ ಎನ್ನಲು ನನಗೆ ಮನಸ್ಸಿಲ್ಲ. ಛೆಟ್ರಿ ಅವತ್ತು ಆಡಿದ ಆಟಕ್ಕೆ ಕುಣಿಯದಿದ್ದರೆ ಇನ್ಯಾವುದಕ್ಕೆ ಕುಣಿಯಬೇಕು? ಬೇಕಿರುವುದು ತಣ್ಣಗಿನ ಪ್ರೇಕ್ಷಕರಲ್ಲ. ಪಕ್ಕದಲ್ಲಿ ಕೂತವನನ್ನು ಪರೀಕ್ಷೆಗೆ ಒಡ್ಡದೆ ಕುಣಿಯಬಲ್ಲ ಪ್ರೇಕ್ಷಕರು. ಸನ್ನತಿಯ ಕಲ್ಲು ಹೇಳುವ ನಾಲಿಗೆಯ ಹಿಡಿತಕ್ಕೆ ಚಹಾದಂಗಡಿಯಲ್ಲಿ ಇಷ್ಟೇ ಅರ್ಥ: ಒಂದು ಪ್ರಶ್ನೆಯನ್ನು ಕೇಳದೆ ಇರುವುದು.

ಆ ರಾತ್ರಿ ಮೂರನೆಯ ಗೋಲಾದಾಗ ಚಾಚಾ ಪಾತ್ರೆ ಬಿಟ್ಟು ಬಂದು ಹುಡುಗರ ಹೆಗಲ ಮೇಲಿಂದ ಮೊಬೈಲ್ ನೋಡಿದ್ದರು. “ಮತ್ತ ಅವನೇ ಏನು?” ಎಂದು ಕೇಳಿದ್ದರು. ಪೆನಾಲ್ಟಿ, ಹೌದು, ಮತ್ತೆ ಅವನೇ ಎಂದು ಯಾರೋ ಹೇಳಿದರು. “ಭಾರಿ ಇದ್ದಾನ” ಎಂದು ಅವರು ಮೆಚ್ಚಿದ್ದು ನನಗೆ ಕೇಳಿಸಿತು. ಮೊಬೈಲಿನ ಸದ್ದಿನಲ್ಲಿ ಆ ಹುಡುಗನಿಗೆ ಕೇಳಿಸಿತೋ ಇಲ್ಲವೋ. ಅವನು ಕೇಳಿದ್ದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಒಳ್ಳೆಯ ಆಟ ಕಂಡವರೊಬ್ಬರು ಅದನ್ನು ಒಳ್ಳೆಯದು ಎಂದಿದ್ದರು, ಅಷ್ಟೆ. ನಾನು ಆಗಲಾದರೂ “ಹೌದು ಚಾಚಾ, ಭಾರಿ ಇದ್ದಾನ” ಎನ್ನಬಹುದಿತ್ತು. ಮುಂದಿನ ಪಂದ್ಯಕ್ಕೆ ಅಷ್ಟನ್ನಾದರೂ ನೆನಪಿಟ್ಟುಕೊಂಡಿರುತ್ತೇನೆ.